ಕಿಟಕಿ ರಾಣಿಯ ಹನ್ನೆರಡು ಕಾರ್ಡುಗಳು

ಫೆಬ್ರವರಿ 3, ಸೋಮವಾರ

ಇಂದು ಮೌಲ್ಯಮಾಪನ ಶುರುವಾಯಿತು. ವರ್ಷವೆಲ್ಲ ನನ್ನನ್ನು ಕ್ಯಾರೇ ಅನ್ನದ ತಾಯಂದಿರು ಫೆಬ್ರವರಿ ಬಂದ ಕೂಡಲೇ ಶಿಶುವಿಹಾರದ ಗೇಟಿನಲ್ಲೇ ಹಿಡಿದು ನಿಲ್ಲಿಸಿಕೊಳ್ಳುತ್ತಾರೆ. ಮಗು ದೊಡ್ಡ ಶಾಲೆಯ ಕೆ.ಜಿ. ತರಗತಿಗೆ ಹೋಗಲು ಸಿದ್ಧವಿದೆಯೋ, ಇನ್ನೊಂದು ವರ್ಷ ನಮ್ಮಲ್ಲೇ ಇರಬೇಕೋ ಎಂದು ಬರೆಯುವವಳು ನಾನು. ತಿಂಗಳ ಕೊನೆಗೆ ಪಟ್ಟಿ ದೊಡ್ಡ ಶಾಲೆಗೆ ಹೋಗುತ್ತದೆ, ಅವರು ಕಣ್ಣು ಮುಚ್ಚಿಕೊಂಡು ಸೇರಿಸಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷದಿಂದ ನಡೆದಿರುವುದು ಹೀಗೇ. ನನ್ನ ಪಟ್ಟಿಯನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ.

ಈ ಸಲ ಇಪ್ಪತ್ತಮೂರು ಮಕ್ಕಳು. ಜಾಗ ಅದೇ, ಸಾಮಾನು ಕೋಣೆ. ಸುತ್ತಿಟ್ಟ ಚಾಪೆಗಳು, ಒಂದು ಕಿವಿ ಹೋದ ಮರದ ಕುದುರೆ, ಅಂಟಿನ ಬಾಟಲಿಗಳ ಕಪಾಟು, ನಡುವೆ ಪುಟ್ಟ ಮೇಜು, ಎರಡು ಪುಟ್ಟ ಕುರ್ಚಿ. ಅದರಲ್ಲಿ ಕೂತರೆ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಗುಂಡಿ ಹಾಕುವುದು, ಗೆರೆಯ ಮೇಲೆ ಕತ್ತರಿಸುವುದು, ಒಂಟಿಕಾಲಲ್ಲಿ ನಿಲ್ಲುವುದು ಎಲ್ಲ ಅಂಗಳದಲ್ಲೇ ಮುಗಿಯುತ್ತವೆ. ಕೋಣೆಯೊಳಗೆ ನಡೆಯುವುದು ಹನ್ನೆರಡು ಕಾರ್ಡುಗಳ ಪರೀಕ್ಷೆ. ಒಂದೊಂದರಲ್ಲೂ ನಾಲ್ಕು ಚಿತ್ರ. ಯಾವುದು ಎಲ್ಲಕ್ಕಿಂತ ಉದ್ದ, ಯಾವುದು ಈ ಗುಂಪಿಗೆ ಸೇರುವುದಿಲ್ಲ, ಯಾವುದು ಮೊದಲು ಆಗಿದ್ದು ಎಂದು ನಾನು ಕೇಳಬೇಕು, ಮಗು ಬೆರಳಿಡಬೇಕು. ಎಂಟು ಸರಿಯಾದರೆ ಸಿದ್ಧ.

ಈ ವರ್ಷ ಸೇರಿರುವ ಹೊಸ ಟೀಚರಿಗೆ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲು ನಮ್ಮ ಮುಖ್ಯಸ್ಥೆ ದೊಡ್ಡ ಮೇಡಂ ಹೇಳಿದ್ದಾರೆ. ನಾನು ಕೇಳುವ ರೀತಿ ನೋಡಿ ಅವಳು ಕಲಿಯಬೇಕಂತೆ. ಫೋನನ್ನು ಅಂಟಿನ ಬಾಟಲಿಗಳ ನಡುವೆ ಒರಗಿಸಿಟ್ಟಳು. ನಾನು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋಗಿದ್ದೆ, ಅದು ಬೇರೆ ವಿಷಯ.

ಆರು ಮಕ್ಕಳದು ಮುಗಿಯಿತು, ಆರೂ ಪಟಪಟನೆ ಹೇಳಿದವು. “ಅಕ್ಕಾ, ನನ್ನ ಹತ್ರ ಇವು ಬಾಯೇ ಬಿಡಲ್ಲ. ನಿಮ್ಮ ಹತ್ರ ಹೇಗೆ ಹೇಳ್ತವೆ?” ಎಂದಳು ಹೊಸ ಟೀಚರ್.

“ಅನುಭವ ಕಣಮ್ಮ,” ಎಂದೆ.

ಫೆಬ್ರವರಿ 6, ಗುರುವಾರ

ಕಿಟಕಿ ರಾಣಿಯ ಸರದಿ. ಈ ಹೆಸರಿಟ್ಟವಳು ನಾನೇ, ಈಗ ಮಕ್ಕಳೂ ಹಾಗೇ ಕರೆಯುತ್ತವೆ. ಐದು ತುಂಬಲು ಇನ್ನೆರಡು ತಿಂಗಳಿರುವ ಹುಡುಗಿ. ಎಡಗಡೆಯ ಜಡೆ ಸದಾ ಬಿಚ್ಚಿರುತ್ತದೆ, ಏನು ಕೇಳಿದರೂ ಕತ್ತು ಕಿಟಕಿಯ ಕಡೆಗೆ. ಸಾಮಾನು ಕೋಣೆಯ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ಗೋಡೆ ಮತ್ತು ಒಂದು ನೀರಿನ ಕೊಳವೆ. ಅದರಲ್ಲಿ ಅವಳಿಗೆ ಯಾವ ಸಿನಿಮಾ ಕಾಣುತ್ತದೋ.

ಮಗುವಿಗೆ ಸಾಕಷ್ಟು ಸಮಯ ಕೊಡಿ ಎಂದು ಮೌಲ್ಯಮಾಪನದ ನಮೂನೆಯ ತಲೆಯ ಮೇಲೆ ಅಚ್ಚಾಗಿದೆ. ಎಷ್ಟು ಎಂದು ಬರೆದಿಲ್ಲ. ನಾನು ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಉಳಿದವರಿಗೆ ಮೂರೇ ಸಾಕಾಗುತ್ತದೆ. ಇವಳು ಐದಾದರೂ ಕೊಳವೆ ನೋಡುತ್ತಾ ಕೂತಳು. ಎಷ್ಟು ಹೊತ್ತು ಕಾಯುವುದು, ಹೊರಗೆ ಇನ್ನೂ ನಾಲ್ಕು ಮಕ್ಕಳು ಸಾಲಿನಲ್ಲಿದ್ದವು. ಕಾರ್ಡು ತೆಗೆದು ಮುಂದಿನದು ಇಟ್ಟೆ. ಹನ್ನೆರಡರಲ್ಲಿ ಮೂರು ಸರಿಯಾದವು. “ಗಮನವಿಲ್ಲ. ಇನ್ನೊಂದು ವರ್ಷ ಇಲ್ಲೇ ಇರಲಿ” ಎಂದು ಬರೆದೆ.

ಇಪ್ಪತ್ತಮೂರರಲ್ಲಿ ಉಳಿಯುವುದು ಇವಳೊಬ್ಬಳೇ ಇರಬಹುದು. ಅಯ್ಯೋ ಅನ್ನಿಸಿತು. ಆದರೆ ಸಿದ್ಧವಿಲ್ಲದ ಮಗುವನ್ನು ತಳ್ಳುವುದು ನನ್ನ ಜಾಯಮಾನವಲ್ಲ.

ಫೆಬ್ರವರಿ 11, ಮಂಗಳವಾರ

ಆ ಹುಡುಗಿಯ ತಾಯಿಯನ್ನು ಕರೆಸಿ ಹೇಳಿದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಕೆಲಸದ ನೀಲಿ ಕೋಟಿನಲ್ಲೇ ಓಡಿಬಂದಿದ್ದಳು.

“ಮನೇಲಿ ಎಲ್ಲಾ ಹೇಳ್ತಾಳೆ ಟೀಚರ್. ಮಾತ್ರೆ ಡಬ್ಬಿ ಎಲ್ಲ ಬಣ್ಣ ನೋಡಿ ಜೋಡಿಸ್ತಾಳೆ.”

“ಮನೇಲಿ ಎಲ್ಲ ಮಕ್ಕಳೂ ಹೇಳ್ತವೆ. ಇಲ್ಲಿ ಹೇಳಬೇಕಲ್ಲಮ್ಮ.”

“ಒಂದು ವರ್ಷ ಹಿಂದೆ ಬಿದ್ರೆ ಅವಳ ಜೊತೆಯವರೆಲ್ಲ ಹೋಗಿಬಿಡ್ತಾರೆ.”

“ಹೋಗ್ಲಿ ಬಿಡಿ. ಈಗಿನಿಂದಲೇ ಅಭ್ಯಾಸ ಮಾಡಿಸಿ. ಏನಾದ್ರೂ ಕೇಳಿದ್ರೆ ಮುಖ ನೋಡಿ ಉತ್ತರ ಹೇಳೋದು ಕಲಿಸಿ. ಕಿಟಕಿ ಕಡೆ ತಿರುಗಿದ್ರೆ ಗಲ್ಲ ಹಿಡಿದು ಈ ಕಡೆ ತಿರುಗಿಸಿ.”

ಅವಳು ನಮೂನೆಯ ಕೆಳಗೆ ಸಹಿ ಹಾಕಿದಳು. ಹೋಗುವಾಗ ಥ್ಯಾಂಕ್ಸ್ ಹೇಳಿದಳು. ಒಳ್ಳೆಯ ಹೆಂಗಸು, ವಾದ ಮಾಡುವ ಜಾತಿಯಲ್ಲ.

ಫೆಬ್ರವರಿ 14, ಶುಕ್ರವಾರ

ಮಗಳು ಕಾಲೇಜಿನ ಎರಡು ಅರ್ಜಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಒಂದು ಚಿತ್ರಕಲೆಗೆ, ಒಂದು ಲೆಕ್ಕಶಾಸ್ತ್ರಕ್ಕೆ. “ಯಾವುದು ಅಮ್ಮ?” ಎಂದಳು. ನಿನ್ನಿಷ್ಟ ಎಂದೆ. ನಾನು ಆ ಥರದ ತಾಯಿಯಲ್ಲ, ಮಕ್ಕಳ ಮೇಲೆ ಏನನ್ನೂ ಹೇರುವುದಿಲ್ಲ. ಅವಳು ಒಂದು ನಿಮಿಷ ನಿಂತು ಚಿತ್ರಕಲೆಯ ಅರ್ಜಿಯನ್ನು ಹರಿದು ಕಸದ ಬುಟ್ಟಿಗೆ ಹಾಕಿದಳು. ಹೇಳದೆಯೇ ತಿಳಿದುಕೊಳ್ಳುತ್ತಾಳೆ, ಅದೇ ನನಗೊಂದು ಸಮಾಧಾನ.

ಫೆಬ್ರವರಿ 17, ಸೋಮವಾರ

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ.

ಹೊಸ ಟೀಚರ್ ಎರಡು ದಿನದಿಂದ ನನ್ನಿಂದ ಕಣ್ಣು ತಪ್ಪಿಸುತ್ತಿದ್ದಳು. ಇಂದು ಮಕ್ಕಳು ಹೋದ ಮೇಲೆ ನಾನೇ ಕೇಳಿದೆ, “ಏನಮ್ಮ, ವಿಡಿಯೊ ನೋಡಿದ್ಯಾ? ಏನಾದ್ರೂ ತಿಳೀತಾ?”

“ನೋಡ್ದೆ ಅಕ್ಕ.”

“ಮತ್ತೆ?”

“ಅಕ್ಕ, ನೀವು ತಪ್ಪು ತಿಳ್ಕೋಬಾರದು. ಮಕ್ಕಳನ್ನ ಬಿಟ್ಟು ಒಂದ್ಸಲ ನಿಮ್ಮನ್ನೇ ನೋಡ್ಕೊಳ್ಳಿ.”

ಪುಟ್ಟ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತೆವು. ಅವಳು ಫೋನಿನ ಧ್ವನಿ ನಿಲ್ಲಿಸಿದಳು. ಪರದೆಯ ಅರ್ಧಕ್ಕೆ ಅಂಗೈ ಅಡ್ಡ ಇಟ್ಟಳು, ಮಗುವೂ ಕಾರ್ಡೂ ಮುಚ್ಚಿಹೋದವು. ಕಾಣುತ್ತಿದ್ದುದು ನನ್ನ ಮುಖ ಮಾತ್ರ. ನಾನು ಏನೋ ಕೇಳಿದೆ, ಬಾಯಿ ಮುಚ್ಚಿದೆ, ಆಮೇಲೆ ನನ್ನ ಕಣ್ಣು ನಿಧಾನವಾಗಿ ಎಡಗಡೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. “ಎಡಗಡೆ ಮೇಲಿನದು,” ಎಂದು ಹೇಳಿ ಅವಳು ಕೈ ತೆಗೆದಳು. ಮಗುವಿನ ಬೆರಳು ಎಡಗಡೆ ಮೇಲಿನ ಚಿತ್ರದ ಮೇಲಿತ್ತು. ಮತ್ತೆ ಮುಚ್ಚಿದಳು. ಈ ಸಲ ಮಗುವಿನ ಬೆರಳು ತಪ್ಪು ಜಾಗಕ್ಕೆ ಹೋಗುತ್ತಿತ್ತೆಂದು ಕಾಣುತ್ತದೆ, ನನ್ನ ಹುಬ್ಬು ಮೇಲೇರಿತು, ತುಟಿ ಒಂದಿಷ್ಟು ಚೂಪಾಯಿತು. ಆಮೇಲೆ ಹುಬ್ಬು ಇಳಿಯಿತು, ಗಲ್ಲ ಅರಳಿತು, ತಲೆ ಕೂದಲೆಳೆಯಷ್ಟು ಅಲ್ಲಾಡಿತು. “ಬಲಗಡೆ ಕೆಳಗಿನದು,” ಎಂದಳು. ಅದೇ ಆಗಿತ್ತು.

ಕಾರ್ಡುಗಳನ್ನೇ ನೋಡದೆ ಅವಳು ಹನ್ನೆರಡರಲ್ಲಿ ಹತ್ತು ಸರಿ ಹೇಳಿದಳು. ನನ್ನ ಅಳತೆಯ ಪ್ರಕಾರ ದೊಡ್ಡ ಶಾಲೆಗೆ ಸಿದ್ಧ.

“ಬೇಕೂಂತ ಮಾಡಿಲ್ಲ ನಾನು,” ಎಂದೆ. ಅವಳು ಗೊತ್ತಕ್ಕ ಎಂದಳು. ಅವಳು ಅಷ್ಟು ಮೆತ್ತಗೆ ಹೇಳಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ನನ್ನ ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳು, ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ. ಚೀಲ ತೆಗೆದುಕೊಂಡು ಬಂದುಬಿಟ್ಟೆ, ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ.

ಫೆಬ್ರವರಿ 18, ಮಂಗಳವಾರ

ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಎಂದು ಹೇಳಿಕಳಿಸಿದೆ. ಹೊಟ್ಟೆ ನೋಯುತ್ತಿರಲಿಲ್ಲ.

ಫೆಬ್ರವರಿ 19, ಬುಧವಾರ

ಆ ಹುಡುಗಿಯ ವಿಡಿಯೊ ಕಳಿಸಲು ಹೊಸ ಟೀಚರಿಗೆ ಹೇಳಿದ್ದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ನೋಡಿದೆ.

ಅವಳು ನನ್ನ ಮುಖವನ್ನು ನೋಡುವುದೇ ಇಲ್ಲ. ಪ್ರಶ್ನೆ ಕೇಳಿಸಿಕೊಳ್ಳುತ್ತಾಳೆ, ಕಾರ್ಡು ನೋಡುತ್ತಾಳೆ, ಆಮೇಲೆ ಕತ್ತು ಕಿಟಕಿಗೆ ತಿರುಗುತ್ತದೆ. ಅಲ್ಲಿ ಅವಳು ಏನನ್ನೂ ನೋಡುತ್ತಿಲ್ಲ, ಯೋಚಿಸುತ್ತಿದ್ದಾಳೆ. ತುಟಿ ಅಲ್ಲಾಡುತ್ತದೆ. ಆಮೇಲೆ ಮಡಿಲಿನಿಂದ ಕೈ ಏಳುತ್ತದೆ. ಕೈ ಮೇಜಿನ ಅಂಚಿಗೆ ಬರುವಷ್ಟರಲ್ಲಿ ನಾನು ಕಾರ್ಡು ಎಳೆದುಕೊಳ್ಳುತ್ತೇನೆ. ಕೈ ಮತ್ತೆ ಮಡಿಲಿಗೆ ಹೋಗುತ್ತದೆ. ಎರಡನೇ ಕಾರ್ಡು, ಅದೇ. ಮೂರನೆಯದು, ಅದೇ. ಐದನೆಯದರಲ್ಲಿ ಬೆರಳು ಚಿತ್ರದ ಮೇಲೆ ಬಂದೇಬಿಟ್ಟಿದೆ, ಸರಿಯಾದ ಚಿತ್ರದ ಮೇಲೆಯೇ, ನಾನು ಅದನ್ನು ನೋಡದೆ ಬೆರಳಿನ ಕೆಳಗಿಂದ ಕಾರ್ಡು ಜಾರಿಸಿದ್ದೇನೆ. ಆಗ ನಾನು ಬಾಗಿಲ ಕಡೆ ನೋಡುತ್ತಿದ್ದೆ, ಸಾಲಿನಲ್ಲಿ ಇನ್ನೆಷ್ಟು ಮಕ್ಕಳಿದ್ದಾರೆ ಎಂದು. ಒಂಬತ್ತನೆಯದರಿಂದ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಗಮನವಿಲ್ಲ ಎಂದು ಬರೆದವಳು ನಾನು.

ನನ್ನ ಐದು ಎಣಿಕೆಯನ್ನು ಗಡಿಯಾರ ಹಿಡಿದು ಅಳೆದೆ. ಮೂರು ಸೆಕೆಂಡೂ ಇಲ್ಲ.

ಎರಡು ವರ್ಷದ ಹಿಂದೆ ದೊಡ್ಡ ಶಾಲೆಯ ಒಬ್ಬ ಟೀಚರ್ ಬಸ್ಸಿನಲ್ಲಿ ಸಿಕ್ಕಿದ್ದರು. “ನಿಮ್ಮಲ್ಲಿಂದ ಬಂದ ಮಕ್ಕಳು ಏನು ಕೇಳಿದ್ರೂ ಮೊದಲು ನಮ್ಮ ಮುಖಾನೇ ನೋಡ್ತವೆ, ನೋಡಿ,” ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಯಲ್ಲಿ ಹೇಳಿಕೊಂಡಿದ್ದೆ. ಒಂದು ವಾರ ಬೀಗಿದ್ದೆ. ಹತ್ತೊಂಬತ್ತು ವರ್ಷ, ವರ್ಷಕ್ಕೆ ಇಪ್ಪತ್ತು ಮಕ್ಕಳೆಂದರೂ ಎಷ್ಟಾಯಿತು ಎಂದು ಗುಣಿಸಲು ಹೋದೆ, ಮುಗಿಸಲಿಲ್ಲ.

ಫೆಬ್ರವರಿ 20, ಗುರುವಾರ

ಕನ್ನಡಿಯ ಮುಂದೆ ನಿಂತು ಮುಖ ಅಲ್ಲಾಡಿಸದೆ ಪ್ರಶ್ನೆ ಕೇಳುವ ಅಭ್ಯಾಸ ಮಾಡಿದೆ. ಹುಬ್ಬು ಹಿಡಿದರೆ ತುಟಿ ಹೋಗುತ್ತದೆ, ತುಟಿ ಹಿಡಿದರೆ ಕಣ್ಣು. ನಮ್ಮನೆಯವರು ಹಲ್ಲುಜ್ಜುತ್ತಾ ಬಂದು, “ಯಾರ ಮೇಲೆ ಸಿಟ್ಟು?” ಎಂದರು. ಯಾರ ಮೇಲೂ ಇಲ್ಲ ಎಂದೆ. “ಹಾಗಾದ್ರೆ ನನ್ನ ಮೇಲೇ,” ಎಂದು ಹೋಗಿ, ಕೇಳದೆಯೇ ಗ್ಯಾಸ್ ಸಿಲಿಂಡರ್ ಬದಲಾಯಿಸಿದರು.

ಮಗಳಿಗೆ ಎಲ್ಲ ಹೇಳಿಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು, “ಇದು ನಿಂಗೆ ಈಗ ಗೊತ್ತಾಯ್ತಾ?” ಎಂದಳು. “ನಾನು ಅದನ್ನ ನೋಡ್ಕೊಂಡೇ ಅಲ್ವಾ ಬೆಳೆದಿದ್ದು. ನಿನ್ನಿಷ್ಟ ಅಂತ ನೀನು ಹೇಳೋವಾಗ ನಿನ್ನ ಹುಬ್ಬು ಬೇರೆ ಏನೋ ಹೇಳ್ತಿರುತ್ತೆ.”

“ಹಾಗಿದ್ರೆ ಆ ಅರ್ಜಿ?”

“ಬಿಡಮ್ಮ.” ಎದ್ದು ಹೋದಳು.

ಎಲ್ಲಿ ಹೋದರೂ ನನ್ನ ಮುಖ ನನ್ನ ಜೊತೆಯಲ್ಲೇ ಬರುತ್ತದೆ, ಅದನ್ನು ಎಲ್ಲಿ ಬಚ್ಚಿಡಲಿ.

ಫೆಬ್ರವರಿ 21, ಶುಕ್ರವಾರ

ಯಾರಿಗೂ ಹೇಳದೆ ಸರಿಪಡಿಸಿಬಿಡೋಣ ಎಂದು ಯೋಚಿಸಿದ್ದೆ. ನಿಜ ಹೇಳಬೇಕೆಂದರೆ, ಮಗುವಿಗೆ ನ್ಯಾಯ ಸಿಗಲಿ, ನನ್ನ ಮರ್ಯಾದೆಯೂ ಉಳಿಯಲಿ ಎಂದು. ಎಲ್ಲರೂ ಅಂಗಳದಲ್ಲಿ ಆಡುತ್ತಿದ್ದಾಗ ಅವಳನ್ನು ಕೈ ಹಿಡಿದು ಸಾಮಾನು ಕೋಣೆಗೆ ಕರೆತಂದೆ. ಈ ಸಲ ಎಷ್ಟು ಹೊತ್ತಾದರೂ ಕಾಯುತ್ತೇನೆ, ಎಂಟು ಸರಿಯಾದರೆ ನಮೂನೆ ಬದಲಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಕಾರ್ಡು ಇಟ್ಟೆ. “ಇದರಲ್ಲಿ ಯಾವುದು ಗುಂಪಿಗೆ ಸೇರಲ್ಲ ಪುಟ್ಟಿ?”

ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಕಾರ್ಡನ್ನೂ ನೋಡಲಿಲ್ಲ. ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು, ರೆಪ್ಪೆ ಬಡಿಯದೆ. ನಾನು ಕಣ್ಣು ಕೆಳಗಿಳಿಸಿದೆ. ಅವಳ ಬೆರಳು ಒಂದು ಚಿತ್ರದ ಮೇಲೆ ಬಂತು, ನನ್ನ ಮುಖದಲ್ಲಿ ಏನು ಕಂಡಳೋ, ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಹಾಜರಿ ಪುಸ್ತಕ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಕುರ್ಚಿ ಸರಿದ ಸದ್ದಾಯಿತು. ಅವಳು ಮೇಜನ್ನು ಸುತ್ತಿಕೊಂಡು ಬಂದು, ನನ್ನ ಮೊಣಕಾಲಿನ ಮೇಲೆ ಕೈಯೂರಿ, ಪುಸ್ತಕದ ಕೆಳಗಿನಿಂದ ಬಗ್ಗಿ ಮೇಲಕ್ಕೆ ನೋಡಿದಳು.

“ಏನು ನೋಡ್ತಿದೀಯ ಪುಟ್ಟಿ?”

“ಉತ್ತರ,” ಎಂದಳು. “ಕಿಟಕೀಲಿ ಏನೂ ಇರಲ್ವಂತೆ. ಟೀಚರ್ ಮುಖದಲ್ಲೇ ಇರತ್ತಂತೆ. ಅಮ್ಮ ಹೇಳಿದ್ದು.”

ಹತ್ತು ದಿನ. ಹತ್ತೇ ದಿನದಲ್ಲಿ ಕಲಿತಿದ್ದಾಳೆ. ನಾನೇ ಹೇಳಿ ಕಲಿಸಿದ್ದು. ಅವಳ ಬಿಚ್ಚಿದ ಜಡೆ ಹೆಣೆದು ಅಂಗಳಕ್ಕೆ ಬಿಟ್ಟುಬಂದೆ. ಕೋಣೆಗೆ ವಾಪಸ್ಸು ಬಂದು ಆ ಪುಟ್ಟ ಕುರ್ಚಿಯಲ್ಲಿ ಕೂತು ಅತ್ತೆ.

ಫೆಬ್ರವರಿ 24, ಸೋಮವಾರ

ದೊಡ್ಡ ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ನಾಲ್ಕು ದಿನದಲ್ಲಿ ಪಟ್ಟಿ ಹೋಗಬೇಕು. ಈಗ ಬಂದು ಇಡೀ ಪಟ್ಟಿನೇ ಸುಳ್ಳು ಅಂತಿದೀರಾ?”

“ಸುಳ್ಳು ಅಂತಲ್ಲ ಮೇಡಂ. ಯಾವುದು ನಿಜ ಅಂತ ಗೊತ್ತಿಲ್ಲ.”

“ಹೋದ ವರ್ಷದ್ದು? ಅದರ ಹಿಂದಿನದ್ದು? ಎಷ್ಟು ವರ್ಷದ್ದು ತೆಗೀತೀರಿ? ನೋಡಿ, ಆ ಹುಡುಗಿಗೆ ಅನ್ಯಾಯ ಆಗಿದೆ, ಒಪ್ಪಿದೆ. ಅವಳ ನಮೂನೆ ಒಂದು ತಿದ್ದಿ. ಉಳಿದ ಇಪ್ಪತ್ತೆರಡು ಹೇಗಿದ್ರೂ ಸಿದ್ಧ ಅಂತಲೇ ಇದೆ, ಯಾರಿಗೂ ನಷ್ಟ ಇಲ್ಲ. ಈ ಮಾತು ಇಲ್ಲಿಗೆ ಬಿಡಿ.”

ಸರಿ ಮೇಡಂ ಎಂದೆ. ಎಷ್ಟು ಸುಲಭವಾಗಿ ಬಂತು ಆ ಸರಿ. ಹೊರಗೆ ಬಂದು ಹೊಸ ನಮೂನೆಯಲ್ಲಿ ಹನ್ನೆರಡಕ್ಕೆ ಒಂಬತ್ತು ಎಂದು ಬರೆದೆ. ಹತ್ತು ಬರೆದರೆ ಅತಿಯಾಯಿತು ಅನ್ನಿಸಿತು, ಅದಕ್ಕೆ ಒಂಬತ್ತು. ಇಂಥದ್ದರಲ್ಲಿ ನನ್ನ ಅಂದಾಜು ಎಷ್ಟು ಚೆನ್ನಾಗಿದೆ ನೋಡಿ. ಬರೆದ ಮೇಲೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ.

ಫೆಬ್ರವರಿ 25, ಮಂಗಳವಾರ

ಸಂಜೆ ಆ ತಾಯಿ ಕೆಲಸ ಮಾಡುವ ಔಷಧಿ ಅಂಗಡಿಗೆ ಹೋದೆ. ಮತ್ತೊಮ್ಮೆ ನೋಡಿದೆ, ಮಗು ಪಾಸು, ದೊಡ್ಡ ಶಾಲೆಗೆ ಹೋಗಬಹುದು ಎಂದು ಹೇಳಿ, ಹೊಸ ನಮೂನೆಗೆ ಸಹಿ ಹಾಕಿಸಿಕೊಂಡು ಬರುವುದು ನನ್ನ ಲೆಕ್ಕ. ಕೌಂಟರಿನ ಮುಂದೆ ನಾಲ್ಕು ಜನ ಇದ್ದರು. ಅವಳು ಮಾತ್ರೆಯ ಪಟ್ಟಿಗಳನ್ನು ಕತ್ತರಿಸಿ ಕವರಿಗೆ ಹಾಕುತ್ತಿದ್ದಳು. ಹೇಳಿದೆ. ಅವಳ ಕತ್ತರಿ ನಿಂತಿತು, ಮುಖ ತುಂಬ ನಗು.

“ನೀವು ಹೇಳಿದ ಹಾಗೇ ಮಾಡ್ದೆ ಟೀಚರ್. ದಿನಾ ಕೂರಿಸ್ಕೊಂಡು ಮುಖ ನೋಡು, ಮುಖ ನೋಡು ಅಂತ ಹೇಳ್ದೆ. ಮೊದಮೊದಲು ಕೇಳ್ತಾನೇ ಇರ್ಲಿಲ್ಲ, ಕತ್ತು ಹಾಗೇ ಆ ಕಡೆ ಹೋಗೋದು. ಎರಡೇಟು ಬಿಟ್ಟೆ. ಮೂರನೇ ದಿನವೂ ಬಿಟ್ಟೆ. ಆಮೇಲೆ ಸರಿಹೋದ್ಲು. ಹೊಡೀಬಾರದು ಅಂತಾರೆ, ಆದ್ರೆ ನೋಡಿ, ಹೊಡೆದಿದ್ದಕ್ಕೆ ತಾನೇ ಕಲಿತಿದ್ದು.”

ನಾನು ಹೂಂ ಎಂದರೆ ಮುಗಿಯುತ್ತಿತ್ತು. ಸಹಿ ಹಾಕಿಸಿಕೊಂಡು ಮನೆಗೆ ಬರಬಹುದಿತ್ತು. ಅವಳು ಆ ಮಗುವನ್ನು ಇನ್ನು ಮುಂದೆಯೂ ಹೊಡೆಯುತ್ತಿದ್ದಳು, ಟೀಚರೇ ಪಾಸು ಮಾಡಿದ್ದಾರೆ ಎಂಬ ಧೈರ್ಯದಲ್ಲಿ.

“ಇಲ್ಲಮ್ಮ,” ಎಂದೆ. “ಅವಳಿಗೆ ಮೊದಲೇ ಬರ್ತಿತ್ತು. ಕಿಟಕಿ ನೋಡ್ಕೊಂಡು ಯೋಚನೆ ಮಾಡ್ತಿದ್ಲು. ಕೈ ಎತ್ತೋಷ್ಟರಲ್ಲಿ ನಾನು ಕಾರ್ಡು ತೆಗೆದುಬಿಡ್ತಿದ್ದೆ. ಬೇರೆ ಮಕ್ಕಳು ನನ್ನ ಮುಖ ನೋಡಿ ಹೇಳ್ತಿದ್ರು, ಇವಳು ತನ್ನ ತಲೆಯಿಂದ ಹೇಳ್ತಿದ್ಲು. ತಪ್ಪು ನಂದು. ಈಗ ತಂದಿರೋ ನಮೂನೆನೂ ಸುಳ್ಳು, ನಾನೇ ಕೂತು ಬರೆದಿದ್ದು.”

ಹಿಂದೆ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಅವಳು ಕತ್ತರಿಯನ್ನು ಕೆಳಗಿಟ್ಟಳು.

“ಹಾಗಾದ್ರೆ ನಾನು ಅವಳಿಗೆ ಹೊಡೆದಿದ್ದು ಯಾತಕ್ಕೆ?”

ನಾನು ಆ ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

“ಹೇಳಿ ಟೀಚರ್. ಸರಿಯಾಗಿ ಯೋಚನೆ ಮಾಡ್ತಿದ್ದಕ್ಕೆ ಹೊಡೆದ್ನಾ?”

“ಹೌದಮ್ಮ,” ಎಂದೆ. ಬೇರೆ ಏನು ಹೇಳಲಿ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಪಕ್ಕಕ್ಕೆ ನಿಂತ್ಕೊಳ್ಳಿ, ಜನ ಕಾಯ್ತಿದಾರೆ,” ಎಂದು ಹಿಂದಿನವರ ಚೀಟಿಗೆ ಕೈ ಚಾಚಿದಳು. ನಾನು ಪಕ್ಕದಲ್ಲಿ, ತೂಕದ ಯಂತ್ರದ ಹತ್ತಿರ, ಅಂಗಡಿ ಖಾಲಿಯಾಗುವವರೆಗೂ ನಿಂತಿದ್ದೆ. ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಫೆಬ್ರವರಿ 26, ಬುಧವಾರ

ಇಪ್ಪತ್ತಮೂರು ಮಕ್ಕಳದ್ದೂ ಮತ್ತೆ ಆಗಬೇಕು, ನಾನು ಕೋಣೆಯಲ್ಲಿ ಇರಬಾರದು ಎಂದು ಬರೆದು ದೊಡ್ಡ ಮೇಡಂ ಮೇಜಿನ ಮೇಲಿಟ್ಟೆ. ಒಂಬತ್ತು ಎಂದು ಬರೆದ ಸುಳ್ಳು ನಮೂನೆಯನ್ನೂ ಅದರ ಜೊತೆಗೇ ಇಟ್ಟೆ. ಅರ್ಧ ಗಂಟೆ ಬೈದರು. ಆಮೇಲೆ ದೊಡ್ಡ ಶಾಲೆಗೆ ಫೋನು ಮಾಡಿ ಮಾರ್ಚ್ ಹತ್ತರವರೆಗೆ ಸಮಯ ಕೇಳಿದರು. ಕಾರಣ ಏನು ಹೇಳಿದರೆಂದು ನಾನು ಕೇಳಲಿಲ್ಲ.

ಮಾರ್ಚ್ 5, ಬುಧವಾರ

ಮೂರು ದಿನದಿಂದ ನನಗೆ ಗೇಟಿನ ಕೆಲಸ. ಒಳಗೆ ಹೊಸ ಟೀಚರ್ ಮಕ್ಕಳ ಎದುರಿಗೆ ಕೂರದೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳೆ, ಇಬ್ಬರೂ ಗೋಡೆಗೆ ಮುಖ ಮಾಡಿಕೊಂಡು. ಒಂದೊಂದು ಮಗುವಿಗೂ ಮುಕ್ಕಾಲು ಗಂಟೆ ಹಿಡಿಯುತ್ತಿದೆ. ನನ್ನ ಕಾಲದಲ್ಲಿ ಹತ್ತು ನಿಮಿಷಕ್ಕೆ ಒಂದು ಮಗು ಮುಗಿಯುತ್ತಿತ್ತು.

ಆ ಮಗು ಸೋಮವಾರ ಪಕ್ಕಕ್ಕೆ ತಿರುಗಿ ತಿರುಗಿ ಹೊಸ ಟೀಚರ್ ಮುಖವನ್ನೇ ಹುಡುಕುತ್ತಿದ್ದಳಂತೆ, ಟೀಚರ್ ಏನೂ ಬರೆದುಕೊಳ್ಳದೆ ಬಿಟ್ಟು ಕಳಿಸಿದಳು. ಮಂಗಳವಾರವೂ ಹಾಗೇ. ಇಂದು ಹೊಸ ಟೀಚರ್ ಮೇಜನ್ನೇ ಕಿಟಕಿಯ ಕೆಳಗೆ ಎಳೆದಳು. ಬಹಳ ಹೊತ್ತು ಏನೂ ಆಗಲಿಲ್ಲವಂತೆ. ಆಮೇಲೆ ಮಗು ಕೊಳವೆಯ ಕಡೆ ಒಂದು ಸಲ ನೋಡಿದಳಂತೆ, ಹೆದರಿ ತಕ್ಷಣ ಕತ್ತು ತಿರುಗಿಸಿಕೊಂಡು ಗಲ್ಲಕ್ಕೆ ಕೈ ಅಡ್ಡ ಹಿಡಿದಳಂತೆ. ಯಾರೂ ಹೊಡೆಯಲಿಲ್ಲ. ಮತ್ತೆ ನೋಡಿದಳು. ಹನ್ನೆರಡರಲ್ಲಿ ಹನ್ನೊಂದು.

ಇದನ್ನು ಹೊಸ ಟೀಚರ್ ಗೇಟಿಗೆ ಬಂದು ಹೇಳಿದಳು. ಗಲ್ಲಕ್ಕೆ ಕೈ ಹಿಡಿದದ್ದನ್ನು ಹೇಳದೆ ಇರಬಹುದಿತ್ತು, ಆದರೂ ಹೇಳಿದಳು. ಹೇಳಿದ್ದು ಒಳ್ಳೆಯದೇ ಆಯಿತು.

ಮಾರ್ಚ್ 11, ಮಂಗಳವಾರ

ಪಟ್ಟಿ ನಿನ್ನೆ ಹೋಯಿತು. ಆ ಮಗುವೂ ಸೇರಿ ಹದಿನೇಳು ಮಕ್ಕಳು ಸಿದ್ಧ, ಆರು ಮಕ್ಕಳು ಇನ್ನೊಂದು ವರ್ಷ ಇಲ್ಲೇ. ಆ ಆರೂ ಮಕ್ಕಳ ಮನೆಯವರಿಗೆ ನಾನೇ ಹೇಳುತ್ತೇನೆಂದು ಕೇಳಿಕೊಂಡಿದ್ದೆ. ಒಬ್ಬ ತಂದೆ, “ಹೋದ ತಿಂಗಳು ನೀವೇ ಅಲ್ವಾ ನನ್ನ ಮಗ ಚುರುಕು ಅಂದಿದ್ದು? ನಿಮಗೆ ನಾಚಿಕೆ ಆಗಲ್ವಾ?” ಎಂದರು. ಆಗುತ್ತೆ ಎಂದೆ. ಅವರು ನಮೂನೆಯನ್ನು ಎರಡು ಸಲ ಓದಿದರು. ಕೊನೆಗೆ ಅವರೇ, “ಸಂಖ್ಯೆ ಇನ್ನೂ ಮೂರರ ಮೇಲೆ ಬರಲ್ಲ ಅವನಿಗೆ, ನಂಗೂ ಗೊತ್ತಿತ್ತು,” ಎಂದರು.

ಮಗಳು ಊಟ ಮಾಡುತ್ತಾ ಕಾಲೇಜಿನ ಅರ್ಜಿ ಕೊಟ್ಟು ಬಂದೆ ಎಂದಳು. ಹೌದಾ ಎಂದೆ. ಯಾವುದು ಎಂದು ಕೇಳಬೇಕಿತ್ತೇನೋ, ಪಾತ್ರೆ ತೊಳೆಯುವಾಗ ನೆನಪಾಯಿತು.

ಮಾರ್ಚ್ 28, ಶುಕ್ರವಾರ

ಈ ವರ್ಷದ ಕೊನೆಯ ದಿನ. ಗೇಟಿನಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸುತ್ತಿದ್ದೆ. ಆ ತಾಯಿ ಎಲ್ಲರೂ ಹೋದ ಮೇಲೆ ಬಂದಳು. ಔಷಧಿ ಅಂಗಡಿಯ ಆ ಸಂಜೆಯ ನಂತರ ನನ್ನ ಹತ್ತಿರ ಮಾತಾಡಿಲ್ಲ, ಮಗುವಿನ ಕೈ ಹಿಡಿದು ಹೋಗಿಬಿಡುತ್ತಾಳೆ. ನಾನೂ ನೆಲ ನೋಡುತ್ತಾ ನಿಲ್ಲುತ್ತೇನೆ. ಕ್ಷಮಿಸಿ ಎಂದು ಹೇಳಲು ಎರಡು ಸಲ ಬಾಯಿ ತೆರೆದಿದ್ದೆ, ಅವಳಿಗೆ ಅದನ್ನೂ ಹೊರಿಸುವುದು ಸರಿಯಲ್ಲ ಎನ್ನಿಸಿ ಮುಚ್ಚಿದ್ದೆ.

“ನಡ್ಕೊಂಡು ಹೋಗೋಣ್ವಾ, ಬಸ್ಸಲ್ಲಿ ಹೋಗೋಣ್ವಾ?” ಎಂದು ಅವಳು ಮಗುವನ್ನು ಕೇಳಿದಳು.

ಮಗು ತಲೆಯೆತ್ತಿ ತಾಯಿಯ ಮುಖ ನೋಡಿದಳು.

ತಾಯಿಯ ಮುಖದಲ್ಲಿ ಏನೋ ಮುರಿದ ಹಾಗಾಯಿತು, ನನಗೆ ಕಂಡಿತು. ಅವಳು ನಿಧಾನವಾಗಿ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡಳು. ಮಗು ಅಲ್ಲಿ ಏನೂ ಸಿಗದೆ ನನ್ನ ಕಡೆ ನೋಡಿದಳು. ನಾನೂ ರಸ್ತೆಯ ಕಡೆಗೆ ತಿರುಗಿದೆ. ಎದುರು ಕಟ್ಟಡದವರು ಬಟ್ಟೆ ಒಣಗಲು ಹಾಕುತ್ತಿದ್ದರು, ಅದನ್ನೇ ನೋಡಿದೆ. ತಾಯಿಯೂ ಅದನ್ನೇ ನೋಡುತ್ತಿದ್ದಳು.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಣುಕಿ, “ಹತ್ತೋರಿದೀರಾ?” ಎಂದ. ಇಬ್ಬರೂ ಉತ್ತರ ಕೊಡಲಿಲ್ಲ. ಬಸ್ಸು ಹೊರಟುಹೋಯಿತು.

“ಇನ್ನೊಂದು ಬರುತ್ತೆ,” ಎಂದಳು ತಾಯಿ. ಆ ದಿನದ ನಂತರ ನನ್ನೊಂದಿಗೆ ಅವಳು ಆಡಿದ ಮೊದಲ ಮಾತು. ನಮ್ಮಿಬ್ಬರ ನಡುವೆ ಮಗು ಇನ್ನೂ ಯೋಚಿಸುತ್ತಿದ್ದಳು. ನಾವು ಅವಸರ ಮಾಡಲಿಲ್ಲ.